ಬೋಳಿಸಿದ ದಿಣ್ಣೆ

"ಎಲ್ರೂ ಬಂದ್ರಾ? ಬಿಸ್ಲು ಏರೋಕ್ ಮುಂಚೆ ಒಳಿಕ್ ಓಗ್ಬುಡಾಣ" ಎಂದು ಕಾಡಿನ ಗೇಟಿನ ಆಚೆಯಿಂದ ಹೆಂಗಸಿನ ದನಿಯೊಂದು ಕೇಳಿದ್ದೇ ತಡ, ವೀರಬಸಪ್ಪನ ಬಲಗೈ ತಾನಾಗಿಯೇ ತಲೆಗೆ ಹೋಗಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿತು. ಎಳೆದುಕೊಂಡ ಮೇಲೆ ಅವನಿಗೇ ನಾಚಿಕೆಯಾಯಿತು. ಅರವತ್ತೆಂಟು ವರ್ಷದ ಪಿಂಚಣಿದಾರ, ಮಗಳ ಪಕ್ಕದಲ್ಲಿ ನಿಂತು ಹೀಗೆ ಮುಖ ಮರೆಸಿಕೊಳ್ಳುವುದೆಂದರೇನು? ಆದರೂ ಟೋಪಿಯನ್ನು ಮೇಲಕ್ಕೆ ಸರಿಸುವ ಧೈರ್ಯ ಬರಲಿಲ್ಲ. ಮುಖಕ್ಕಿಂತ ಮೊದಲು ದನಿಯ ಗುರುತು ಹತ್ತಿತ್ತು. ಮೂವತ್ತು ವರ್ಷದ ಹಿಂದೆ ಇದೇ ಮಾದನ ಕಾವಲಿನಲ್ಲಿ, ಬೆಳಗಿನ ಮಂಜಿನೊಳಗೆ ಕಾಣದ ಆಡುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಿದ್ದ ದನಿ ಅದು. ಅವನ ಬೂಟಿನ ಸದ್ದು ಕೇಳಿದ ಕೂಡಲೇ ತಟ್ಟನೆ ನಿಂತುಬಿಡುತ್ತಿದ್ದ ದನಿ. ಗೇಟು ತೆರೆದು ಹೊರಗೆ ಬಂದವಳು ಅರವತ್ತರ ಆಸುಪಾಸಿನ ಗಿಡ್ಡ ಹೆಂಗಸು. ಹಸಿರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಕಾಲಿಗೆ ಕ್ಯಾನ್ವಾಸ್ ಬೂಟು, ಕೈಯಲ್ಲೊಂದು ಕೋಲು. ಈ ಕಾಡುನಡಿಗೆ ಏರ್ಪಡಿಸಿದ್ದ ಹುಜೈಫಾ ಗಂಗಾನಗರದಲ್ಲಿ ಕನ್ನಡಕದ ಅಂಗಡಿ ಇಟ್ಟವನು, ಭಾನುವಾರ ಮಾತ್ರ ಹೀಗೆ ಊರಿನವರನ್ನು ಕಾಡಿಗೆ ಕರೆತರುವವನು. "ಇವ್ರು ಮುನಿಕೆಂಪಮ್ಮ. ಇವತ್ತು ನಮಗೆಲ್ಲ ಇವ್ರೇ ಮೇಡಂ, ನನ್ನೂ ಸೇರಿಸಿ" ಎಂದ. ಹತ್ತು ಹನ್ನೆರಡು ಜನ ಚಪ್ಪಾಳೆ ತಟ್ಟಿದರು. ಮುನಿಕೆಂಪಮ್ಮ. ಆ ಹೆಸರನ್ನು ವೀರಬಸಪ್ಪ ಒಮ್ಮೆ ತನ್ನ ಕೈಯಾರೆ ಕೇಸಿನ ಪುಸ್ತಕದಲ್ಲಿ ಬರೆದಿದ್ದ. ಬರೆಯುವಾಗ ಹೆಸರನ್ನು ಎರಡು ಸಲ ಹೇಳಿಸಿದ್ದ, ಕೇಳಿಸದೆ ಅಲ್ಲ, ಸುತ್ತ ನಿಂತವರಿಗೆಲ್ಲ ಕೇಳಿಸಲಿ ಎಂದು.

ಕೀರ್ತಿಗೆ ಇದಾವುದೂ ತಿಳಿಯದು. ಮತ್ತಿಕೆರೆಯ ಕಾಲೇಜೊಂದರ ಆಫೀಸಿನಲ್ಲಿ ವಾರವೆಲ್ಲ ಫೈಲು ನೋಡುವ ಹುಡುಗಿ, ಫೋನಿನಲ್ಲಿ ಈ ನಡಿಗೆಯ ಸುದ್ದಿ ಕಂಡು, ಅಪ್ಪ ಕೆಲಸ ಮಾಡಿದ ಕಾಡು ಎಂದು ಹಿಗ್ಗಿ, ಇಬ್ಬರ ಹೆಸರನ್ನೂ ಕೊಟ್ಟು ಆಮೇಲೆ ಹೇಳಿದ್ದಳು. ಮೊಣಕಾಲು ನೋವು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅವಳ ಕಣ್ಣಲ್ಲಿ ಆ ಬೆಳಕು ಕಂಡಾಗ ನೋವಿನ ಸುಳ್ಳು ನಾಲಿಗೆಗೆ ಬರಲಿಲ್ಲ. ರೋಣದ ಕಡೆಯ ಬಯಲು ಸೀಮೆಯಿಂದ ಬಂದ ಅಪ್ಪ ಬೆಂಗಳೂರಿನ ಪಕ್ಕದ ಒಂದು ಕಾಡನ್ನು ಕಾದ ಎಂಬುದು ಅವಳಿಗೆ ಚಿಕ್ಕಂದಿನಿಂದಲೂ ದೊಡ್ಡ ಕತೆ. ಶಾಲೆಯಲ್ಲಿ ಪ್ರಬಂಧ ಬರೆದಿದ್ದಳು. ಯಲಹಂಕ ಉಪನಗರದ ಮನೆಯ ನಡುಕೋಣೆಯಲ್ಲಿ, ಅವನ ಹೆಂಡತಿ ದಾನವ್ವ ಕಟ್ಟು ಹಾಕಿಸಿಟ್ಟ ಪ್ರಶಸ್ತಿಪತ್ರ ಈಗಲೂ ಇದೆ: ಅತ್ಯುತ್ತಮ ನೆಡುತೋಪು. ಈಗ ಅವಳು ಎಲ್ಲರಿಗೂ ಕೇಳುವಂತೆ, "ಮೇಡಂ, ನಮ್ಮಪ್ಪ ಇದೇ ಕಾಡಲ್ಲಿ ಗಾರ್ಡ್ ಆಗಿದ್ರು" ಎಂದಳು. ತಲೆಗಳು ತಿರುಗಿದವು. ಮುನಿಕೆಂಪಮ್ಮ ಕೋಲು ಊರಿಕೊಂಡು ಅವನನ್ನೇ ನೋಡಿದಳು. "ಔದಾ ಸಾ? ಯಾವ್ ಕಾಲ್ದಾಗೆ?" ಅವನ ಬಾಯಿ ಅವನನ್ನು ಕೇಳದೆ ಉತ್ತರಿಸಿತು: "ಈಚೀಚೆ, ಎರಡು ಸಾವಿರದ ಮ್ಯಾಲ." ಕೀರ್ತಿ ನಕ್ಕಳು. "ಏನಪ್ಪಾ ನೀ, ನಾ ಹುಟ್ಟಿದ ವರ್ಷ ಇಲ್ಲಿಗೆ ಬಂದಿ ಅಂತ ಅವ್ವ ಹೇಳ್ತಾಳ. ತೊಂಬತ್ಮೂರು." ಯಾರೋ ಹಿಂದಿನಿಂದ, "ಅಂಕಲ್‌ಗೆ ಮರ್ತೋಗಿದೆ" ಎಂದರು. ಮರೆತ ಮುದುಕನ ನಗೆಯನ್ನು ಅವನು ನಕ್ಕ. ಕಿವಿ ಮಾತ್ರ ಬೆಂಕಿಯಾಗಿತ್ತು. ಮುನಿಕೆಂಪಮ್ಮ ತಿರುಗಿ ಕಾಲುದಾರಿ ಹಿಡಿದಳು.

ಅವಳ ಹಿಂದೆ ನಡೆಯುತ್ತ, ಇವಳಿಗೆ ಗುರುತು ಸಿಕ್ಕಿದೆಯೋ ಇಲ್ಲವೋ ಎಂಬ ಒಂದೇ ಲೆಕ್ಕದಲ್ಲಿದ್ದ ಅವನ ಮನಸ್ಸು ಸ್ವಲ್ಪ ಹೊತ್ತು ಕಾಡನ್ನೇ ನೋಡಲಿಲ್ಲ. ಬಂದರೆ ಎಂಬ ಗಿಡದ ರೆಕ್ಕೆಯಂಥ ಬೀಜಗಳನ್ನು ಅವಳು ಅಂಗೈಯಲ್ಲಿ ಉಜ್ಜಿ ಊದಿದಳು, ಅವು ಹಾರಿದವು, ಎಲ್ಲರೂ ಮಕ್ಕಳ ಹಾಗೆ ತಾವೂ ಊದಿದರು. ಸಣ್ಣೆಲೆಯ ಒಂದು ಮರದ ಕೆಳಗೆ ನಿಂತು, "ಇದು ಚುಜ್ಜಲು. ನಮ್ಮವ್ವ ಇದ್ರ ಸೊಪ್ಪು ಒಣಗ್ಸಿ ಪುಡಿ ಮಾಡಿ ತಲೆಗಾಕ್ತಿದ್ಲು. ಶಾಂಪು ಬಂದಿದ್ದು ಆಮೇಕೆ" ಎಂದಳು. ಚುಜ್ಜಲು. ಮೂರು ವರ್ಷ ಈ ಮರಗಳ ನಡುವೆ ಬೂಟು ಸವೆಸಿದವನಿಗೆ ಈ ಹೆಸರು ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಶ್ರೀಗಂಧ, ಹೊಂಗೆ, ನೀಲಗಿರಿ, ಅಕೇಶಿಯಾ. ಮಿಕ್ಕದ್ದಕ್ಕೆಲ್ಲ ಇಲಾಖೆಯ ಕಾಗದದಲ್ಲಿ ಒಂದೇ ಮಾತಿತ್ತು, ಪೊದೆ. ಪೊದೆ ಸವರಿದ ವಿಸ್ತೀರ್ಣ ಇಷ್ಟು, ಬಾಕಿ ಇಷ್ಟು. ಮುನಿಕೆಂಪಮ್ಮ ಪೊದೆಯೊಳಗೆ ಕೈಯಿಟ್ಟು ಒಂದೊಂದನ್ನೇ ಬೇರೆ ಮಾಡಿ ತೋರಿಸುತ್ತಿದ್ದಳು: ಇದು ಕಾರೆ, ಮುಳ್ಳು ಜೋಡಿ ಜೋಡಿ ನೋಡಿ, ಇದು ಕವಳೆ, ಅಣ್ಣು ಬಿಡೋ ಕಾಲಕ್ಕೆ ಬನ್ನಿ, ನಾಲ್ಗೆ ಕಪ್ಪಾಗೋವಷ್ಟು ತಿನ್ಬೋದು, ಇದು ತಂಗಡಿ, ಬರಗಾಲ್ದಾಗೂ ಊ ಬಿಡ್ತದೆ. ಅವಳ ಬೆರಳುಗಳು ಮುಳ್ಳುಗಳ ನಡುವೆ ಹೋಗಿ ಗೀರಿಲ್ಲದೆ ಹೊರಬರುತ್ತಿದ್ದವು. ಇಷ್ಟು ಹತ್ತಿರದಿಂದ ಆ ಕೈಗಳನ್ನು ಅವನು ಹಿಂದೆಂದೂ ನೋಡಿರಲಿಲ್ಲ. ಓಡುವ ಬೆನ್ನನ್ನು ಮಾತ್ರ ನೋಡಿದ್ದ. ತನಗೇ ಅರಿವಿಲ್ಲದೆ ಅವನು ಗುಂಪಿನ ಹಿಂದಿನಿಂದ ಮುಂದಕ್ಕೆ ಬಂದು ನಿಂತಿದ್ದ. ಟೋಪಿ ಕೈಗೆ ಬಂದಿತ್ತು.

ಒಂದು ತಿರುವಿನಲ್ಲಿ ಅವಳು ಹಿಂದೆ ನೋಡದೆಯೇ ಅಂಗೈ ಅಡ್ಡ ಹಿಡಿದಳು. ಎಲ್ಲರೂ ನಿಂತರು. ಕೋಲಿನ ತುದಿಯಿಂದ ಆರು ಹೆಜ್ಜೆ ಆಚೆಯ ತರಗೆಲೆಗಳ ಮೇಲೆ ತೋರಿಸಿ, "ಅಲ್ಲವ್ನೆ" ಎಂದು ಪಿಸುಗುಟ್ಟಿದಳು. ಯಾರಿಗೂ ಏನೂ ಕಾಣಲಿಲ್ಲ. ಕ್ಯಾಮೆರಾ ಹಿಡಿದವರಿಗೂ ಕಾಣಲಿಲ್ಲ. ವೀರಬಸಪ್ಪ ಎಲೆ ನೋಡಿದ, ಕಲ್ಲು ನೋಡಿದ, ಒಂದು ಮುರಿದ ಕೊಂಬೆ ನೋಡಿದ. ಆ ಕೊಂಬೆಯೇ ಕಣ್ಣು ತೆರೆಯಿತು. ಕಪ್ಪು, ದುಂಡನೆಯ, ಒದ್ದೆ ಕಣ್ಣು. ನೆಲದ ಬಣ್ಣವನ್ನೇ ಮೈಗೆ ಹಚ್ಚಿಕೊಂಡ ಹಕ್ಕಿ ಅವನನ್ನೊಮ್ಮೆ ನೋಡಿ ಮತ್ತೆ ರೆಪ್ಪೆ ಮುಚ್ಚಿ ಎಲೆಯಾಯಿತು. "ಕತ್ತಲಾದ್ಮೇಲೆ ಉಳ ಇಡ್ಯೋಕ್ ಏಳ್ತಾನೆ. ಅಗಲೆಲ್ಲ ಇಂಗೇ. ತುಳಿಯೋ ತನ್ಕ ಏಳಾಕಿಲ್ಲ" ಎಂದಳು. ಮೇಲೆ ಎಲ್ಲೋ ವಿಮಾನವೊಂದು ದೇವನಹಳ್ಳಿಯ ಕಡೆ ಇಳಿಯುತ್ತ ಆಕಾಶವನ್ನು ಉದ್ದಕ್ಕೂ ಸೀಳಿತು, ಹಕ್ಕಿ ಅಲುಗಲಿಲ್ಲ. ಕೀರ್ತಿ ಅಪ್ಪನ ತೋಳು ಹಿಡಿದು, "ನೀ ಇಂಥವು ಎಷ್ಟ್ ನೋಡಿರ್ಬೇಕಲ್ಲಪ್ಪ" ಎಂದು ಕಿವಿಯಲ್ಲಿ ಕೇಳಿದಳು. ಒಂದನ್ನೂ ನೋಡಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಎಷ್ಟನ್ನು ತುಳಿದಿರಬೇಕು ಎಂಬ ಯೋಚನೆ ಅದರ ಹಿಂದೆಯೇ ಬಂತು. ಬೆಳಗಿನಿಂದ ಎದೆಯಲ್ಲಿ ಹೊತ್ತುಕೊಂಡು ಬಂದಿದ್ದ ಅಂಜಿಕೆಯ ಪಕ್ಕದಲ್ಲೇ ಈಗ ಬೇರೊಂದು ಭಾವ ಸೇರಿತ್ತು. ಈ ಹೆಂಗಸಿನ ಕಣ್ಣು ತನಗೆ ಒಂದು ದಿನದ ಮಟ್ಟಿಗೆ ಸಿಕ್ಕಿದ್ದರೆ ಎಂಬ ಆಸೆ ಅದು, ಚಿಕ್ಕವನಾಗಿದ್ದಾಗ ಊರಿನ ಪೈಲವಾನರನ್ನು ನೋಡಿ ಆಗುತ್ತಿದ್ದಂಥ ಆಸೆ.

ಬಂಡೆಯೊಂದರ ಮೇಲೆ ನೀರು ಕುಡಿಯಲು ಕೂತಾಗ, ಸರಳಾ ಎಂಬ ಹೆಂಗಸು, ಹೆಬ್ಬಾಳದ ಕಡೆಯವರು, ತಟ್ಟನೆ ಕೇಳಿದರು: "ನೀವು ಆಗೆಲ್ಲ ಇಲ್ಲಿ ಸೌದೆಗೆ ಬರ್ತಿದ್ರಿ ಅಂದ್ರಲ್ಲ, ಗಾರ್ಡ್‌ಗಳು ತೊಂದ್ರೆ ಕೊಡ್ತಿರ್ಲಿಲ್ವಾ?" ಕೇಳಿದ ಮೇಲೆ ವೀರಬಸಪ್ಪನ ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಮುನಿಕೆಂಪಮ್ಮ ಕೀರ್ತಿಯ ಮುಖ ನೋಡಿದಳು, ಅವನ ಮುಖ ನೋಡಿದಳು. ಸೆರಗಿನಿಂದ ಕತ್ತು ಒರೆಸಿಕೊಂಡು, "ಅವ್ರ ಕೆಲ್ಸ ಅವ್ರು ಮಾಡ್ತಿದ್ರು, ನಮ್ ಕೆಲ್ಸ ನಾವ್ ಮಾಡ್ತಿದ್ವಿ. ಬುಡಿ ಅತ್ಲಾಗೆ" ಎಂದು ಬಾಟಲಿ ಎತ್ತಿದಳು. ಗುರುತು ಸಿಕ್ಕಿದೆ. ಸಿಕ್ಕಿಯೂ ಮಗಳ ಮುಂದೆ ಉಳಿಸುತ್ತಿದ್ದಾಳೆ. ಬಯ್ದಿದ್ದರೆ ತಾಳಿಕೊಳ್ಳಬಹುದಿತ್ತು. ಬಂಡೆಯ ಕಾವು ಪಂಚೆಯನ್ನು ದಾಟಿ ತೊಡೆಗೆ ಹತ್ತುತ್ತಿತ್ತು. ಅಂದೂ ಹೀಗೆಯೇ ಬಿಸಿಲು. ಇಲಾಖೆಯ ಸಸಿ ನರ್ಸರಿಯ ಮುಂದಿನ ಬಯಲಿನಲ್ಲಿ ಸೌದೆಹೊರೆ ಹೊತ್ತ ಹೆಂಗಸು, ಮೂವತ್ತು ದಾಟಿರಲಿಲ್ಲ. ರೇಂಜರ್ ಸಾಹೇಬರು ಬರುವವರಿದ್ದಾರೆ, ಕೇಸು ಕಣ್ಣಿಗೆ ಕಾಣಬೇಕು, ಹೊರೆ ಇಳಿಸಕೂಡದು ಎಂದಿದ್ದ. ಒಂಬತ್ತಕ್ಕೆ ನಿಲ್ಲಿಸಿದ್ದು. ಮಧ್ಯಾಹ್ನ ಒಂದು ಗಂಟೆಯಾದರೂ ಸಾಹೇಬರು ಬರಲಿಲ್ಲ. ಸರಿ, ಇಳಿಸಿ ಹೋಗು ಎಂದ. ಅಷ್ಟು ದೊಡ್ಡ ಹೊರೆಯನ್ನು ಒಬ್ಬರೇ ಇಳಿಸಲಾಗದು, ಎದುರಿನಿಂದ ಇನ್ನೊಂದು ಕೈ ಬೇಕು. ಅವಳು ಕೈಗಾಗಿ ನೋಡಿದಳು. ನರ್ಸರಿಯ ಕೂಲಿಯಾಳುಗಳು ಇವನ ಮುಖ ನೋಡಿದರು. ಇವನು ತನ್ನ ಬೂಟು ನೋಡಿದ. ಕೊನೆಗೆ ಅವಳು ಮೊಣಕಾಲು ಬಗ್ಗಿಸಿ, ಕತ್ತನ್ನು ಪಕ್ಕಕ್ಕೆ ಕೊಟ್ಟು, ಹೊರೆಯನ್ನು ಕೆಡವಿದಳು. ಕತ್ತಿನಲ್ಲಿ ಏನೋ ಚಟಕ್ಕೆಂದದ್ದು ಹತ್ತು ಮಾರು ದೂರಕ್ಕೆ ಕೇಳಿಸಿತ್ತು. ಯಾರೋ ನಕ್ಕರು. ನಕ್ಕವರಲ್ಲಿ ತಾನಿದ್ದೆನೋ ಇಲ್ಲವೋ ಎಂಬುದು ಮಾತ್ರ ರಾತ್ರಿ ಹಾಸಿಗೆಯಲ್ಲಿ ಎಷ್ಟು ಸಲ ಮಗ್ಗುಲು ಬದಲಿಸಿದರೂ ಅವನಿಗೆ ಖಚಿತವಾಗಿ ನೆನಪಾಗುತ್ತಿರಲಿಲ್ಲ.

"ಅಮ್ಮಾ" ಎಂದ ವೀರಬಸಪ್ಪ. ದನಿ ತನ್ನದಲ್ಲವೆನಿಸಿತು. "ನಿಮ್ಮನ್ನ ಹೊರಿ ಹೊರಿಸಿ ನರ್ಸರಿ ಮುಂದ ನಿಂದ್ರಿಸಿದಾವ ನಾನ. ಇಳಸಾಕ ಕೈ ಕೊಡಲಿಲ್ಲ. ತೊಂಬತ್ನಾಕನೇ ಇಸವಿ, ಮಾರ್ಚ್ ತಿಂಗಳಾ. ಮುಂಜಾನೆ ಸುಳ್ಳ ಹೇಳಿದೆ. ತಪ್ಪಾತು." ಅವಳನ್ನು ನೀವು ಎಂದು ಕರೆದದ್ದು ಬದುಕಿನಲ್ಲಿ ಇದೇ ಮೊದಲು ಎಂಬುದು ಹೇಳಿದ ಮೇಲೆ ಹೊಳೆಯಿತು. ಹುಜೈಫಾ ತನ್ನ ದುರ್ಬೀನಿನ ದಾರವನ್ನು ಸುತ್ತತೊಡಗಿದ. ವೀರಬಸಪ್ಪನಿಗೆ ಕೀರ್ತಿಯ ಕಡೆ ನೋಡುವುದಾಗಲಿಲ್ಲ. ಮುನಿಕೆಂಪಮ್ಮ ಕಣ್ಣು ಕಿರಿದು ಮಾಡಿ ಅವನ ಹಣೆ, ಮೂಗು, ಬಿಳಿ ಮೀಸೆಯನ್ನು ಗಿಡ ನೋಡಿದಂತೆ ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿದಳು.

"ಗ್ಯಾಪ್ಕ ಬರ್ತಿಲ್ಲ ಸಾ" ಎಂದಳು. "ಅಂಗೆ ನಿಲ್ಸಿದೋರು ಒಬ್ರಾ ಇಬ್ರಾ? ಕಾಕಿ ಕಂಡ್ರೆ ಓಡೋದು, ಸಿಕ್ಕಾಕೊಂಡ್ರೆ ನೆಲ ನೋಡ್ಕೊಂಡು ನಿಲ್ಲೋದು. ಮಕ ಯಾರ್ ನೋಡ್ತಿದ್ರು? ಕತ್ತು ನೋವು ಈಗ್ಲೂ ಐತೆ. ಅದು ಯಾವ್ ಒರೆದೋ, ಯಾರಿಗ್ ಗೊತ್ತು." ಮಾತಿನಲ್ಲಿ ಕಹಿಯಿರಲಿಲ್ಲ, ಮಳೆ ಯಾವ ವರ್ಷ ತಪ್ಪಿತು ಎಂದು ಹೇಳುವಾಗಿನ ಹಾಗಿತ್ತು. ವೀರಬಸಪ್ಪನಿಗೆ ಕಾಲ ಕೆಳಗಿನ ಬಂಡೆ ಜರುಗಿದಂತಾಯಿತು. ಮೂವತ್ತು ವರ್ಷ ತಾನು ಯಾರಿಗೂ ತೋರಿಸದೆ ಕಾಪಾಡಿಕೊಂಡು ಬಂದ ಪಾಪ ಅವಳ ಲೆಕ್ಕದಲ್ಲಿ ಹತ್ತರಲ್ಲಿ ಒಂದು. ಅದರಲ್ಲೂ ತಾನು ಮುಖವಿಲ್ಲದ ಒಂದು ಖಾಕಿ ಅಂಗಿ. ಹಗುರಾಗಬೇಕಿತ್ತು, ಅವಮಾನವಾಯಿತು. ಅಷ್ಟರಲ್ಲಿ ಅವಳೇ, ಏನೋ ಹೊಳೆದವಳಂತೆ, ಕೋಲಿನಿಂದ ಪೂರ್ವಕ್ಕೆ ತೋರಿಸಿದಳು. "ತೊಂಬತ್ನಾಕು ಅಂದ್ರಾ? ಅಂಗಾದ್ರೆ ಆ ದಿಣ್ಣೆ ಬೋಳ್ಸಿದ್ದು ನಿಮ್ ಕಾಲ್ದಾಗೇ ಅಲ್ವಾ? ಬ್ಯಾಸ್ಗೆ ಪೂರಾ ಕಡುದ್ರಲ್ಲ, ಜಾಲಾರಿ, ತುಪ್ರ, ಕಾರೆ, ಒಂದ್ ಬುಡ್ದಂಗೆ? ಅದು ನೀವೇನಾ?" ಈಗ ಅವಳ ದನಿ ಬೇರೆಯಾಗಿತ್ತು. ಕೋಲು ಹಿಡಿದ ಗೆಣ್ಣುಗಳು ಬೆಳ್ಳಗಾಗಿದ್ದವು. ಆ ದಿಣ್ಣೆ. ಅಲ್ಲಿಯೇ ಅಕೇಶಿಯಾ ನೆಟ್ಟದ್ದು, ಸಾಲು ಸಾಲಾಗಿ, ಹಗ್ಗ ಹಿಡಿದು. ಸಾಹೇಬರು ಬೆನ್ನು ತಟ್ಟಿದ್ದು. ಪ್ರಶಸ್ತಿಪತ್ರ ಬಂದದ್ದು. ಬದುಕಿನಲ್ಲಿ ತಾನು ಮಾಡಿದ ಒಂದೇ ಒಳ್ಳೆಯ ಕೆಲಸ ಎಂದು ಅವನು ನಂಬಿದ್ದದ್ದು ಆ ದಿಣ್ಣೆಯನ್ನು. "ಹೌದು, ನಾನ" ಎಂದ.

"ಅದುನ್ನ ಮಾತ್ರ ಮರ್ಯಾಕಾಗಿಲ್ಲ ಸಾ" ಎಂದಳು ಮುನಿಕೆಂಪಮ್ಮ. "ನಮ್ಮತ್ತೆ ಅವತ್ತು ಉಂಡಿಲ್ಲ. ಯಾರೋ ಸತ್ತೋರ್ ಮನೇಲಿ ಕೂತಂಗ್ ಕೂತಿದ್ಲು. ಅಲ್ಲಿ ಜಾಲಾರಿ ಊ ಬಿಟ್ರೆ ಊರ್ಗಂಟ ಗಮ ಬರೋದು." ಎದ್ದಳು. "ಬನ್ನಿ, ತೋರುಸ್ತೀನಿ." ಬೈಗುಳ ಮುಂದೆ ಬರುತ್ತದೆ, ದಿಣ್ಣೆಯ ಮೇಲೆ ನಿಲ್ಲಿಸಿ ಎಲ್ಲರ ಮುಂದೆ ಕೊಡುತ್ತಾಳೆ, ಅದು ನ್ಯಾಯವೇ ಎಂದುಕೊಂಡು ಅವನು ಹಿಂದೆ ನಡೆದ. ಅಕೇಶಿಯಾ ಸಾಲು ಇನ್ನೂ ಇತ್ತು, ಅರ್ಧ. ಅದರ ಕೆಳಗೆ ಹುಲ್ಲಿಲ್ಲ, ಹಕ್ಕಿಯ ಸದ್ದಿಲ್ಲ, ಕುಡುಗೋಲಿನಂಥ ಒಣ ಎಲೆಗಳ ದಪ್ಪ ಹಾಸು. ಅದನ್ನು ದಾಟಿದರೆ ಉಳಿದರ್ಧ ದಿಣ್ಣೆ ಬೇರೆಯೇ ಲೋಕ. ಆಳೆತ್ತರಕ್ಕೂ ಮೀರಿ ಬೆಳೆದ ಜಾಲಾರಿಗಳು, ಒಂದೊಂದು ಬುಡದಿಂದಲೂ ಮೂರು, ನಾಲ್ಕು, ಐದು ಕಾಂಡ. ಬಿಸಿಲು ಅವುಗಳ ಎಲೆಯ ಮೂಲಕ ಸೋಸಿ ಬಂದು ಜನರ ಅಂಗಿಗಳ ಮೇಲೆ ಬಿದ್ದಿತ್ತು. ಮುನಿಕೆಂಪಮ್ಮ ಒಂದು ಬುಡದ ಮುಂದೆ ಕೂತು ತರಗೆಲೆ ಸರಿಸಿದಳು. ನಡುವೆ ಕರ್ರಗಾದ ಹಳೆಯ ಕೊರಡು, ಅದರ ಸುತ್ತ ಹೊಸ ಕಾಂಡಗಳು. "ನೋಡಿ. ಕಡ್ದಿರೋ ಗುರ್ತು. ಮ್ಯಾಲ್ ಕಡುದ್ರು, ಬೇರು ಕೀಳ್ಲಿಲ್ಲ. ಅದು ಒಳಗೇ ಕಾಯ್ಕೊಂಡಿತ್ತು. ನಾವು ಎಣ್ಮಕ್ಳು ಅತ್ತು ವರ್ಸದಿಂದ ಅಕೇಶಿಯಾ ಸಸಿ ಕಿತ್ತು ಕಿತ್ತು ಬೆಳಕು ಬುಟ್ವಿ. ಎದ್ ಬಂತು."

ಅವನು ಕೂತ. ಮೊಣಕಾಲು ಲಟಕ್ಕೆಂದಿತು. ಕೊರಡಿನ ಮೇಲೆ ಕೈಯಿಟ್ಟಾಗ ಆ ಬೇಸಿಗೆ ಪೂರ್ತಿ ನೆನಪಾಯಿತು. ಬುಡಸಮೇತ ಕೀಳಬೇಕು ಎಂಬುದು ಹುಕುಂ. ನೆಲ ಕಲ್ಲಾಗಿತ್ತು. ಆಳುಗಳು ಗುದ್ದಲಿ ಇಟ್ಟು ಕೂತರು. ಇವನೂ ನೆರಳಿಗೆ ಕೂತ. ಸಂಜೆ ಪುಸ್ತಕದಲ್ಲಿ, ಬೇರುಸಹಿತ ಕೀಳಿಸಲಾಗಿದೆ ಎಂದು ಬರೆದು ಸಹಿ ಹಾಕಿದ. ಈಗ ಹನ್ನೆರಡು ಜನ ಸುತ್ತ ನಿಂತಿದ್ದಾರೆ, ಮಗಳು ನಿಂತಿದ್ದಾಳೆ. ಬೇರನ್ನು ಉಳಿಸಿದವನು ನಾನು ಎಂದರೆ ಸಾಕು. ಮಾತು ನಿಜವೂ ಹೌದು. ನಾಲಿಗೆಯ ತುದಿಗೆ ಬಂದಿತ್ತು. ಅವನು ಕೀರ್ತಿಯನ್ನು ನೋಡಿದ. ಅವಳು ಅಂಥದೇನಾದರೂ ಸಿಗಬಹುದೇ ಎಂದು ಕಾಯುತ್ತಿದ್ದಳು, ಕಣ್ಣು ತುಂಬಿತ್ತು. "ಬೇರು ಕೀಳಸ್ರಿ ಅಂತ ಹುಕುಂ ಇತ್ತು" ಎಂದ ಮುನಿಕೆಂಪಮ್ಮನಿಗೆ. "ನಾ ಕೀಳಸಲಿಲ್ಲ. ಗಿಡದ ಮ್ಯಾಲಿನ ಮರುಕಕ್ಕಲ್ಲ. ಬಿಸಲಿತ್ತು, ಬ್ಯಾಸರಾಗಿತ್ತು. ಕೀಳಿಸೇನಿ ಅಂತ ಸುಳ್ಳ ಬರದೆ." ಆಮೇಲೆ ಮುನಿಕೆಂಪಮ್ಮ ನಕ್ಕಳು, ಕತ್ತು ಹಿಡಿದುಕೊಂಡು, ಕೆಮ್ಮು ಬರುವವರೆಗೆ. "ಥೂ, ಸೋಂಬೇರಿ ಗಾರ್ಡು ಸಿಕ್ಕಿದ್ದೇ ಒಳ್ಳೇದಾಯ್ತು ಬುಡಿ! ನೆಟ್ಟಗೆ ಕೆಲ್ಸ ಮಾಡೋನು ಸಿಕ್ಕಿದ್ರೆ ನಮ್ ಜಾಲಾರಿ ಓಗಿರೋದು." ಹುಜೈಫಾನೂ ನಕ್ಕ, ಎಲ್ಲರೂ ನಕ್ಕರು. ಆ ನಗೆ ತನ್ನ ಮೇಲೆಯೇ ಎಂದು ಗೊತ್ತಿದ್ದೂ ವೀರಬಸಪ್ಪನಿಗೆ ಅದು ನೋಯಲಿಲ್ಲ. ನಗು ನಿಂತ ಮೇಲೆ ಅವಳು, "ಗುರುವಾರ ಗುರುವಾರ ಸಸಿ ಕೀಳ್ತೀವಿ. ಆರೂವರೆಗೆ. ನಾಲ್ಕೇ ಜನ ಇದ್ದೀವಿ, ಆ ಅರ್ಧ ದಿಣ್ಣೆ ಬಾಕಿ ಐತೆ. ಬರ್ತೀರಾ ಸಾ?" ಎಂದಳು. ಕೇಳಿದ ರೀತಿಯಲ್ಲಿ ಕ್ಷಮೆಯೂ ಇರಲಿಲ್ಲ, ಶಿಕ್ಷೆಯೂ ಇರಲಿಲ್ಲ. ಕೆಲಸವಿತ್ತು, ಕೈ ಕಡಿಮೆಯಿತ್ತು.

ಮನೆಗೆ ಹೋಗುವಾಗ ಸ್ಕೂಟರಿನಲ್ಲಿ ಕೀರ್ತಿ ಉಪನಗರದ ಸಿಗ್ನಲ್ಲಿನವರೆಗೂ ಒಂದೇ ವೇಗದಲ್ಲಿ ಗಾಡಿ ಓಡಿಸಿದಳು. ಕೆಂಪು ದೀಪಕ್ಕೆ ನಿಂತಾಗ, ಮುಂದೆ ನೋಡುತ್ತಲೇ ಕೇಳಿದಳು. "ಹೊರಿ ಇಳಸಾಕ ಯಾಕ ಕೈ ಕೊಡ್ಲಿಲ್ಲಪ್ಪ ನೀ?"

"ಮಂದಿ ನೋಡಾಕತ್ತಿದ್ರು."

"ಅಷ್ಟಕ್ಕಾ?"

"ಅಷ್ಟಕ್ಕ."

ದೀಪ ಹಸಿರಾಯಿತು. ಅವಳು ಗಾಡಿ ಬಿಟ್ಟಳು. ಸ್ವಲ್ಪ ದೂರ ಹೋದ ಮೇಲೆ, "ಇವತ್ತೂ ಮಂದಿ ನೋಡಾಕತ್ತಿದ್ರು" ಎಂದಳು. ಅದು ಹೊಗಳಿಕೆಯೋ ಆಪಾದನೆಯೋ ಅವನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಆದರೆ ಬುಧವಾರ ಸಂಜೆ ಅವಳು ಆಫೀಸಿನಿಂದ ಬರುವಾಗ ತೋಟದ ಕೆಲಸದ ದಪ್ಪ ಕೈಗವಸು ಒಂದು ಜೊತೆ ತಂದು, ಅವನ ಚಪ್ಪಲಿಯ ಪಕ್ಕ ಇಟ್ಟಳು.

ಗುರುವಾರ ಅವನು ಮೊದಲ ಬಸ್ಸು ಹಿಡಿದು ಹೋದ. ಮುನಿಕೆಂಪಮ್ಮ ಅವನಿಗೆ ಅಕೇಶಿಯಾ ಸಾಲಿನ ಅಂಚಿನಲ್ಲಿ ಒಂದು ತುಂಡು ನೆಲ ತೋರಿಸಿ, "ಗೊತ್ತಿಲ್ದೆ ಏನೂ ಕೀಳ್ಬೇಡಿ. ಕೇಳಿ" ಎಂದಷ್ಟೇ ಹೇಳಿ ತನ್ನ ಪಾಲಿನ ನೆಲಕ್ಕೆ ಹೋದಳು. ನೆಲ ಇಬ್ಬನಿಗೆ ಮೆತ್ತಗಿತ್ತು. ಅವನು ಕೂತುಕೊಂಡೇ ಸರಿಯುತ್ತ, ಒಂದೊಂದರ ಬುಡಕ್ಕೂ ಬೆರಳಿಟ್ಟು ಕೂಗಿ ಕೇಳುತ್ತಿದ್ದ. "ಇದು?" "ಅಕೇಶಿಯಾ. ಕೀಳಿ." "ಇದು?" "ಚುಜ್ಜಲು. ಬುಡಿ." "ಇದರಿ?" "ಅಯ್ಯೋ ಕಾರೆ ಸಾ ಅದು, ಮುಳ್ಳು ಜೋಡಿ ಐತಲ್ಲ, ಅವತ್ತೇ ಏಳ್ಲಿಲ್ವಾ?" ಬೇರೆ ಹೆಂಗಸರು ನಗುತ್ತಿದ್ದರು. ಅವನು ಹೆಸರನ್ನು ಬಾಯಲ್ಲೇ ಒಂದು ಸಲ ಹೇಳಿಕೊಂಡು ಮುಂದೆ ಸರಿಯುತ್ತಿದ್ದ. ಬಿಸಿಲು ಬರುವ ಹೊತ್ತಿಗೆ, ತರಗೆಲೆಯ ಹಾಸು ಸರಿಸಿದಾಗ, ಬೆರಳುದ್ದದ ಒಂದು ಸಸಿ ಕಂಡಿತು. ನಾಲ್ಕೇ ಎಲೆ, ಎಲೆಯ ನರ ಸ್ವಲ್ಪ ಕೆಂಪು. "ಇದು?" ಎಂದ. ಮುನಿಕೆಂಪಮ್ಮ ಎದ್ದು ಬಂದು, ಬಗ್ಗಿ, ಎಲೆಯನ್ನು ತಿರುವಿ ಹಿಂಬದಿ ನೋಡಿದಳು. ಬೆರಳಿನಿಂದ ತೀಡಿ ಮೂಸಿದಳು. ಮತ್ತೊಬ್ಬಳನ್ನು ಕರೆದು ತೋರಿಸಿದಳು. ಅವಳೂ ಗೊತ್ತಿಲ್ಲವೆಂದು ತಲೆಯಾಡಿಸಿದಳು.

"ಗೊತ್ತಾಯ್ತಿಲ್ಲ ಸಾ" ಎಂದಳು ಕೊನೆಗೆ. ಗೊತ್ತಿಲ್ಲ ಎನ್ನುವಾಗ ಅವಳ ಮುಖದಲ್ಲಿ ಚಿಕ್ಕ ಹುಡುಗಿಯ ಖುಷಿಯಿತ್ತು. "ನಾನ್ ನೋಡೇ ಇಲ್ಲ ಇದುನ್ನ."

"ಮತ್ತ ಏನ್ ಮಾಡ್ಲಿ? ಕೀಳ್ಲೇನು, ಬಿಡ್ಲೇನು?"

"ಗೊತ್ತಿಲ್ದಿದ್ದುಕ್ಕೆ ಯಾಕ್ ಕೀಳ್ತೀರಾ? ಬುಡಿ. ಬೆಳೀಲಿ, ಆಮೇಕೆ ಅದೇ ಏಳ್ತದೆ ತಾನು ಯಾರು ಅಂತ."

ಅವಳು ಹೋದ ಮೇಲೂ ವೀರಬಸಪ್ಪ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದ. ಆಮೇಲೆ ಆ ನಾಲ್ಕೆಲೆಯ ಸುತ್ತ ಒತ್ತಿಕೊಂಡು ಬೆಳೆದಿದ್ದ ಅಕೇಶಿಯಾ ಸಸಿಗಳನ್ನು ಒಂದೊಂದಾಗಿ, ಬೇರುಸಹಿತ ಕಿತ್ತ. ಅದಕ್ಕೆ ಬಿಸಿಲು ತಾಗುವಷ್ಟು ಜಾಗ ಬಿಡಿಸಿ, ಅದನ್ನು ಬಿಟ್ಟು, ಮುಂದಕ್ಕೆ ಸರಿದ.